ಬೀಗ ಹಾಕಿದ ಮನೆಯೆಲ್ಲ ಖಾಲಿ ಮನೆಯಲ್ಲ

ಜನಗಣತಿಯ ಮನೆಪಟ್ಟಿ ಕೆಲಸಕ್ಕೆ ಮೊದಲ ಸಲ ಹೊರಟಿದ್ದೀರಾ? ಬೀಗ ಕಂಡ ತಕ್ಷಣ 'ಖಾಲಿ' ಅಂತ ಬರೆಯಬೇಡಿ. ನಾನು ಬರೆದು ಪೇಚಿಗೆ ಸಿಕ್ಕಿದವನು.

2010ರ ಬೇಸಿಗೆ, ಶಿಡ್ಲಘಟ್ಟದ ಹತ್ತಿರ ಒಂದು ಹಳ್ಳಿ. ಒಂದು ಮನೆಯನ್ನು ಖಾಲಿ ಅಂತ ಗುರುತು ಹಾಕಿ ಮುಂದೆ ಹೋಗುತ್ತಿದ್ದೆ. ಎದುರು ಮನೆ ಅಜ್ಜಿ ಜಗುಲಿಯಿಂದಲೇ ಕೂಗಿದರು: "ಮೇಷ್ಟ್ರೇ, ಅವ್ರು ತಿರುಪತಿಗೆ ಹೋಗವ್ರೆ, ನಾಳಿದ್ದು ಬರ್ತಾರೆ!" ಯಾತ್ರೆಗೋ ನೆಂಟರ ಊರಿಗೋ ಹೋದವರ ಮನೆ ಖಾಲಿ ಲೆಕ್ಕಕ್ಕೆ ಬರುವುದಿಲ್ಲ. ಅದು ವಾಸದ ಮನೆಯೇ, ಬೀಗ ಹಾಕಿದೆ ಅಷ್ಟೇ. ಇನ್ನೊಂದು ಸಲ ಹೋಗಬೇಕು.

ಖಾಲಿ ಅನ್ನಬೇಕಾದರೆ ಅಲ್ಲಿ ಯಾರೂ ವಾಸ ಇರಬಾರದು, ಬೇರೆ ಯಾವ ಕೆಲಸಕ್ಕೂ ಅದು ಬಳಕೆಯಲ್ಲಿ ಇರಬಾರದು. ಈ ಎರಡನೆಯದರಲ್ಲೇ ನಮ್ಮ ಕಡೆ ಜಾಸ್ತಿ ಎಡವುವುದು. ರೇಷ್ಮೆ ಹುಳು ಮನೆಯನ್ನೇ ನೋಡಿ. ಒಂದು ಬೆಳೆ ಮುಗಿದಿರುತ್ತದೆ, ತೊಳೆದು ಬಾಗಿಲು ಹಾಕಿರುತ್ತಾರೆ, ಕಿಟಕಿಯಲ್ಲಿ ಇಣುಕಿದರೆ ಗೋಡೆಗೆ ಒರಗಿಸಿದ ನಾಲ್ಕು ಚಂದ್ರಿಕೆ (ಹುಳು ಗೂಡು ಕಟ್ಟುವ ಬಿದಿರಿನ ತಟ್ಟೆ) ಬಿಟ್ಟು ಏನೂ ಕಾಣುವುದಿಲ್ಲ, ಆದರೂ ಅದು ಖಾಲಿಯಲ್ಲ, ವಾಸವಲ್ಲದ ಬೇರೆ ಉಪಯೋಗದ್ದು. ಟೊಮೆಟೊ ಕ್ರೇಟು, ರಾಗಿ ಮೂಟೆ ತುಂಬಿದ ಹಳೇ ಮನೆಯೂ ಹಾಗೆಯೇ.

ಅಕ್ಕಪಕ್ಕದವರನ್ನು "ಈ ಮನೆ ಖಾಲಿನಾ?" ಅಂತ ಕೇಳಬೇಡಿ. ಬಾಡಿಗೆಗೆ ಕೇಳುತ್ತಿದ್ದೀರಿ ಅಂದುಕೊಂಡು ಓನರ್ ನಂಬರ್ ಕೊಡುತ್ತಾರೆ! "ಇಲ್ಲಿ ಯಾರಿರ್ತಾರೆ, ಒಳಗೆ ಏನಿಟ್ಟಿದ್ದಾರೆ?" ಅಂತ ಕೇಳಿ. ತುಕ್ಕು ಹಿಡಿದ ಬೀಗ, ಬಾಗಿಲ ಮುಂದಿನ ರಂಗೋಲಿ ಇವೆಲ್ಲ ಸುಳಿವು ಮಾತ್ರ. ಮಕ್ಕಳು ಬೆಂಗಳೂರು ಸೇರಿ ವರ್ಷಗಳಾದ ಮನೆಯ ತುಳಸಿಗೆ ಪಕ್ಕದ ಮನೆಯವರು ದಿನಾ ನೀರು ಹಾಕುವುದೂ ಉಂಟಲ್ವಾ. ಎರಡು ಮನೆಯಲ್ಲಿ ವಿಚಾರಿಸಿ.

ನಿಜವಾಗಿ ಖಾಲಿ ಇದ್ದರೂ ನಂಬರ್ ತಪ್ಪಿಸಬೇಡಿ. 12ನೇ ಕಟ್ಟಡದಲ್ಲಿ ಮೂರು ಮನೆಗೆ ಬೇರೆ ಬೇರೆ ಬಾಗಿಲಿದ್ದು ನಡುವಿನದು ಖಾಲಿ ಇದ್ದರೆ, ಅದಕ್ಕೂ 12(2) ಅಂತ ಹಾಕಲೇಬೇಕು. 2011ರ ಗಣತಿಯಲ್ಲಿ ದೇಶದ ಸುಮಾರು 33 ಕೋಟಿ ಮನೆಗಳಲ್ಲಿ ಎರಡೂವರೆ ಕೋಟಿಯಷ್ಟು ಖಾಲಿ ಇದ್ದವು. ಹೀಗೆ ಒಂದೊಂದಕ್ಕೂ ನಂಬರ್ ಹಾಕಿದ್ದಕ್ಕೇ ಆ ಲೆಕ್ಕ ಸಿಕ್ಕಿದ್ದು.

ಹಗಲೆಲ್ಲ ಬೀಗ ಇರುವ ಮನೆಗಳವರು ಕೂಲಿಗೆ, ತೋಟಕ್ಕೆ ಹೋಗಿರುತ್ತಾರೆ. ಮಧ್ಯಾಹ್ನ ಸುಮ್ನೆ ಅಲೆಯುವ ಬದಲು ಬೆಳಗ್ಗೆ ಆರೂವರೆಗೆ ಹಾಲಿನ ಡೈರಿ ಹತ್ತಿರ ನಿಂತುಕೊಳ್ಳಿ. ಅರ್ಧ ಊರು ಕ್ಯಾನ್ ಹಿಡಿದು ಅಲ್ಲೇ ಇರುತ್ತದೆ.