ಟ್ರೇಯಲ್ಲಿ ಒಂದು ಹಳದಿ ಚೌಕ: ಟೈಪಿಂಗ್ ಅಂಗಡಿಯ ಲಿನಕ್ಸ್ ಮಷೀನ್‌ಗಳಲ್ಲಿ ನನ್ನ ಅನುಭವ

ಲಿನಕ್ಸ್ ಇಟ್ಟುಕೊಂಡು ಕನ್ನಡ ಟೈಪಿಂಗ್ ಅಂಗಡಿ ನಡೆಸೋದೇ ಒಂದು ಹುಚ್ಚು, ಅದರ ಮೇಲೆ ಸಿಸ್ಟಂ ಟ್ರೇ (ಗಡಿಯಾರದ ಪಕ್ಕ ಸಣ್ಣ ಐಕಾನ್‌ಗಳು ಕೂರೋ ಜಾಗ) ಐಕಾನ್ ತಿದ್ದುತ್ತಾ ಕೂರೋದು ಇನ್ನೂ ದೊಡ್ಡ ಹುಚ್ಚು ಅಂತ ರಾಣೆಬೆನ್ನೂರಿನ ನಮ್ಮ ಸಾಲಿನ ಅಂಗಡಿಯವರೆಲ್ಲ ತೀರ್ಪು ಕೊಟ್ಟಿದ್ದರು. "ಐಕಾನ್ ಬದಲಿ ಮಾಡಿದ್ರ ಗಿರಾಕಿ ಹೆಚ್ಚಿಗಿ ಬರ್ತಾರೇನ್ರೀ ಅಣ್ಣಾರ?" ಅಂತ ಹಾರ್ಡ್‌ವೇರ್ ರಿಪೇರಿಯವನು ಮುಖದ ಮೇಲೇ ಕೇಳಿದ್ದ. ಈಗ ಅವನ ಅಂಗಡಿಯ ಎರಡು ಮಷೀನ್‌ಗಳಲ್ಲೂ ಕೂತಿರೋದು ನನ್ನ ಐಕಾನೇ. ಅದಕ್ಕೇ ಬರೆಯೋಣ ಅನಿಸಿತು.

ನಮ್ಮಲ್ಲಿ ಇರೋದು ಐದು ಹಳೇ ಐ3 ಮಷೀನ್. ಲಿನಕ್ಸಿನಲ್ಲಿ ಡೆಬಿಯನ್ 12, ಡೆಸ್ಕ್‌ಟಾಪಿಗೆ ಎಕ್ಸ್‌ಎಫ್‌ಸಿಇ, ಭಾಷೆ ಬದಲಿಸೋಕೆ ಐಬಸ್, ಅದರಲ್ಲಿ ಎಂ17ಎನ್ ಅನ್ನೋ ಕೀಲಿಮಣೆ ಸಂಗ್ರಹದ ಕೆಜಿಪಿ (ಕನ್ನಡ ಗಣಕ ಪರಿಷತ್ತಿನ) ಕೀಲಿಮಣೆ. ಇದೆಲ್ಲ ಹಾಕೋದು ಹೇಗೆ ಅಂತ ನಿಮಗೆ ಗೊತ್ತೇ ಇರುತ್ತದೆ, ಬಿಡಿ. ತಲೆನೋವು ಇದ್ದದ್ದು ಬೇರೆ ಕಡೆ. ಕ್ರಯಪತ್ರ, ಅಫಿಡವಿಟ್ಟು, ಬಾಡಿಗೆ ಕರಾರು, ಯಾವುದು ತೆಗೆದರೂ ಒಂದೇ ಸಾಲಿನಲ್ಲಿ ಕನ್ನಡ, ಇಂಗ್ಲಿಷ್ ಎರಡೂ ಬರುತ್ತವೆ. ಪ್ಯಾನ್ ನಂಬರು, ಇಮೇಲು, ಗಾಡಿ ನಂಬರು ಬಂದಾಗಲೆಲ್ಲ ಭಾಷೆ ಬದಲಿಸಬೇಕು. ಈಗ ಯಾವ ಭಾಷೆಯಲ್ಲಿದ್ದೀವಿ ಅಂತ ಹೇಳಬೇಕಾದದ್ದು ಟ್ರೇಯ ಐಕಾನು. ಅದೋ ಕಪ್ಪು ಪ್ಯಾನೆಲ್ ಮೇಲೆ ಕಡುನೀಲಿ ಅಕ್ಷರ. ನಮ್ಮಲ್ಲಿ ಟೈಪ್‌ರೈಟರ್ ಕಾಲದಿಂದ ಕೆಲಸ ಮಾಡುತ್ತಿರುವ ಅಕ್ಕ ಒಬ್ಬರಿದ್ದಾರೆ, ಕಣ್ಣಿನ ಪೊರೆ ಆಪರೇಷನ್ ಆದವರು. ಅವರು ಆ ಐಕಾನನ್ನು ನೋಡೋದನ್ನೇ ಬಿಟ್ಟಿದ್ದರು. ಒಂದು ಪದ ಹೊಡೆಯೋದು, ತಪ್ಪು ಭಾಷೆ ಬಂತಾ, ಅಳಿಸೋದು, ಮತ್ತೆ ಹೊಡೆಯೋದು. ಪುಟಕ್ಕೆ 30 ರೂಪಾಯಿ ಸಿಗೋ ಕೆಲಸದಲ್ಲಿ ಇಷ್ಟು ಅಳಿಸುತ್ತಾ ಕೂತರೆ ಗಿಟ್ಟುವುದಿಲ್ಲ. ಅವಸರದಲ್ಲಿ ಗಮನಕ್ಕೆ ಬಾರದೆ ಇ-ಸ್ಟ್ಯಾಂಪ್ ಪೇಪರ್ ಮೇಲೆ ಹಾಗೇ ಪ್ರಿಂಟಾದರೆ ಆ ಹಾಳೆಯ ದುಡ್ಡೂ ನಮ್ಮ ತಲೆಗೇ. ತಿಂಗಳಿಗೆ ಏನಿಲ್ಲವೆಂದರೂ ಐನೂರು ಆರುನೂರು ಹೀಗೆ ಹೋಗುತ್ತಿತ್ತು.

ವಿಂಡೋಸಿಗೆ ಹೋಗಿಬಿಡಿ ಅಂದವರೇ ಹೆಚ್ಚು. ಐದು ಲೈಸೆನ್ಸಿಗೆ ಲೆಕ್ಕ ಹಾಕಿದರೆ ಅರ್ಧ ಲಕ್ಷದ ಆಸುಪಾಸು, ಮೇಲೆ ಈ ಹಳೇ ಮಷೀನ್ ಅದನ್ನು ಎಳೆಯಲ್ಲ. ಒಂದು ಐಕಾನ್ ಕಾಣಲ್ಲ ಅಂತ ಅರ್ಧ ಲಕ್ಷವೇ?

ಮೊದಲು ದುಡ್ಡು ಹೋದದ್ದು ಡಿಸೈನಿಗೆ. ಫ್ಲೆಕ್ಸ್ ಮಾಡೋ ಹುಡುಗನೊಬ್ಬನಿಗೆ ಮೂರು ಸಾವಿರದ ಮೇಲೆ ಕೊಟ್ಟು ಒಂದು ಸೆಟ್ ಐಕಾನ್ ಬರೆಸಿದೆ. ಅವನ ಸ್ಕ್ರೀನಿನಲ್ಲಿ 512 ಪಿಕ್ಸೆಲ್‌ನಲ್ಲಿ ನೋಡಿದರೆ ದೃಷ್ಟಿ ತೆಗೆಯಬೇಕು ಹಾಗಿತ್ತು: ನೆರಳು, ಹೊಳಪು, ಅರಿಶಿನ ಕುಂಕುಮದ ಬಣ್ಣ. ಟ್ರೇಯ 22 ಪಿಕ್ಸೆಲ್‌ಗೆ ಇಳಿಸಿದ ಮೇಲೆ ಉಳಿದದ್ದು ಕಿತ್ತಳೆ ಬಣ್ಣದ ಒಂದು ಕಲೆ. ಅಕ್ಕ ನೋಡಿ "ಇದೇನ್ರೀ, ಕುಂಬಳಕಾಯಿ?" ಅಂದರು.

ಎರಡನೆಯದು, ಅಪ್ಲಿಕೇಶನ್ನುಗಳ ಒಳಗೇ ಕೈ ಹಾಕಿ ಐಕಾನ್ ತಿದ್ದೋ ದಾರಿ. ಇದಕ್ಕೆ ಸ್ಕ್ರಿಪ್ಟುಗಳಿವೆ, ನೀವೂ ಓಡಿಸಿ ನೋಡಿರುತ್ತೀರಿ. ಎಲೆಕ್ಟ್ರಾನ್ (ವೆಬ್ ತಂತ್ರದಲ್ಲಿ ಕಟ್ಟಿದ) ಆ್ಯಪ್ ಆದರೆ ಅದರ ಫೈಲುಗಳ ಎಎಸ್ಎಆರ್ ಕಟ್ಟು ಬಿಚ್ಚಿ, ಚಿತ್ರ ಬದಲಿಸಿ, ಮತ್ತೆ ಕಟ್ಟೋದು. ನಡೆಯುತ್ತದೆ, ಮುಂದಿನ ಅಪ್‌ಡೇಟ್ ಬರೋತನಕ. ಫೈಲುಗಳನ್ನು ಆನ್‌ಲೈನಿನಲ್ಲಿಡೋ ಒಂದು ಆ್ಯಪ್ ಇತ್ತು, ಅದು ನಮ್ಮನ್ನು ಕೇಳದೆಯೇ ತನ್ನನ್ನು ತಾನು ಅಪ್‌ಡೇಟ್ ಮಾಡಿಕೊಳ್ಳುವ ಜಾತಿ. ನಾನು ಇಟ್ಟ ಐಕಾನ್ ಒಂದು ವಾರ ಬಾಳಿದ್ದೇ ದೊಡ್ಡದು. ಈ ದಾರಿ ಹಿಡಿಯಬೇಡಿ. ಐದು ಮಷೀನಿಗೂ ಪ್ರತಿಸಲ ಅದನ್ನೇ ಮಾಡುತ್ತಾ ಕೂತರೆ ಅಂಗಡಿ ನಡೆಸೋದು ಯಾವಾಗ?

ಮೂರನೆಯದು ನನ್ನದೇ ಥೀಮು, ಅಂದರೆ ಐಕಾನ್‌ಗಳ ಸೆಟ್ಟು. ಇದು ಅರ್ಧ ಗೆದ್ದಿತು. ಹೋಮ್ ಫೋಲ್ಡರಿನ ಐಕಾನ್ ಜಾಗದಲ್ಲಿ ಸಣ್ಣದೊಂದು ಥೀಮ್ ಮಾಡಿ, ಇಂಡೆಕ್ಸ್ ಫೈಲಿನಲ್ಲಿ 'ಇನ್‌ಹೆರಿಟ್ಸ್' ಅಂತ ಪ್ಯಾಪಿರಸ್ ಅನ್ನೋ ಸಿದ್ಧ ಥೀಮಿನ ಹೆಸರು ಕೊಟ್ಟೆ. ನನಗೆ ಬೇಕಾದ ಹತ್ತು ಹದಿನೈದು ಐಕಾನ್ ಮಾತ್ರ ನನ್ನವು, ಉಳಿದದ್ದು ಪ್ಯಾಪಿರಸ್‌ನಿಂದ. ಐಕಾನ್ ಹಾಕಿದೆ, ಬದಲಾಗಲೇ ಇಲ್ಲ. ಲಾಗ್‌ಔಟ್ ಆಗಿ ಬಂದರೂ ಇಲ್ಲ. ಕಾರಣ ಜಿಟಿಕೆಯ (ಕಿಟಕಿ, ಬಟನ್ ಬರೆಯೋ ತಂತ್ರಾಂಶ) ಐಕಾನ್ ಕ್ಯಾಷ್, ಅಂದರೆ ಐಕಾನ್‌ಗಳನ್ನು ಮೊದಲೇ ಉಳಿಸಿಟ್ಟ ಪಟ್ಟಿ. ಅದು ಥೀಮಿನ ಮೇಲ್ಮಟ್ಟದ ಫೋಲ್ಡರಿನ ತಾರೀಕು ಮಾತ್ರ ನೋಡುತ್ತದೆ. ಒಳಗಿನ 22 ಸೈಜಿನ ಫೋಲ್ಡರಿಗೆ ಹೊಸ ಫೈಲ್ ಹಾಕಿದರೆ ಹೊರಗಿನ ತಾರೀಕು ಬದಲಾಗಲ್ಲ, ಹಾಗಾಗಿ ಹಳೇ ಕ್ಯಾಷೇ ಸರಿ ಅಂತ ನಂಬಿ ಕೂತಿರುತ್ತದೆ. ಕ್ಯಾಷ್ ಹೊಸದಾಗಿ ಕಟ್ಟಿಸಿ, ಇಲ್ಲವೇ ಆ ಕ್ಯಾಷ್ ಫೈಲನ್ನೇ ತೆಗೆದುಹಾಕಿ. ಹತ್ತು ಐಕಾನಿನ ಥೀಮಿಗೆ ಕ್ಯಾಷ್ ಯಾಕೆ ಬೇಕು?

ನೆಟ್‌ವರ್ಕ್ ಐಕಾನ್ ಮಾತ್ರ ಥೀಮಿನಿಂದಲೇ ದಾರಿಗೆ ಬಂತು. ನಮ್ಮ ವೈಫೈ ಆಗಾಗ ಹೋಗಿ ಬರುತ್ತದೆ, ಹೋದಾಗಲೆಲ್ಲ ಎನ್‌ಎಂ-ಆ್ಯಪ್ಲೆಟ್ ಟ್ರೇಯಲ್ಲಿ ಗಿರಗಿರ ತಿರುಗುತ್ತದೆ. ಅದರ ಆ ತಿರುಗುವ ಚಿತ್ರ ಮೂರು ಹಂತ, ಹಂತಕ್ಕೆ ಹನ್ನೊಂದು, ಒಟ್ಟು 33 ಫ್ರೇಮು. ಅಷ್ಟಕ್ಕೂ ಒಂದೇ ಬೂದು ಚುಕ್ಕಿಗೆ ಸಿಮ್‌ಲಿಂಕ್ (ಇನ್ನೊಂದು ಫೈಲಿಗೆ ಕೈತೋರೋ ಕೊಂಡಿ) ಹಾಕಿದೆ. ತಿರುಗೋದು ನಿಂತಿತು. ಟ್ರೇಯಲ್ಲಿ ಅಲುಗಾಡೋ ವಸ್ತು ಒಂದೂ ಇರಬಾರದು ಅನ್ನೋದು ನನ್ನ ಪಕ್ಕಾ ಅಭಿಪ್ರಾಯ. ಅಲುಗಾಡುವುದಿದ್ದರೆ ಕಣ್ಣು ಅತ್ತಲೇ ಹೋಗುತ್ತದೆ.

ಆದರೆ ಮುಖ್ಯವಾಗಿ ಬೇಕಾಗಿದ್ದ ಕನ್ನಡ ಐಕಾನ್ ಥೀಮಿಗೆ ಬಗ್ಗಲಿಲ್ಲ. ಯಾಕೆಂದರೆ ಐಬಸ್‌ಗೆ ಎಂ17ಎನ್ ಕೊಡೋದು ಐಕಾನಿನ ಹೆಸರಲ್ಲ, ಫೈಲಿನ ಪೂರ್ತಿ ವಿಳಾಸ. ವಿಳಾಸ ಕೊಟ್ಟ ಮೇಲೆ ಥೀಮನ್ನು ಯಾರು ಕೇಳುತ್ತಾರೆ? ಹೆಸರಿದ್ದರೆ ಥೀಮು, ವಿಳಾಸವಿದ್ದರೆ ಫೈಲು. ಇದು ತಲೆಗೆ ಹೊಳೆದ ಮೇಲೆ ಅರ್ಧ ಗೋಜಲು ಬಿಡಿಸಿತು. ಯಾವ ಆ್ಯಪ್ ಏನು ಕೊಡುತ್ತಿದೆ ಅಂತ ನೋಡಬೇಕಾದರೆ, ಹೊಸ ನಮೂನೆಯ ಸ್ಟೇಟಸ್ ನೋಟಿಫೈಯರ್ ಐಕಾನ್ ಆದರೆ ಆ್ಯಪ್‌ಗಳು ಒಂದಕ್ಕೊಂದು ಮಾತಾಡೋ ಡಿ-ಬಸ್‌ನಲ್ಲಿ ಇಣುಕಿ. 'ಐಕಾನ್ ನೇಮ್' ಜಾಗದಲ್ಲಿ ಏನಾದರೂ ಇದ್ದರೆ ಥೀಮಿಗೆ ಆಸೆ ಇದೆ. ಅದು ಖಾಲಿಯಿದ್ದು 'ಐಕಾನ್ ಪಿಕ್ಸ್‌ಮ್ಯಾಪ್'ನಲ್ಲಿ ಅಂಕಿಗಳ ರಾಶಿ ಬಿದ್ದಿದ್ದರೆ ಆ ಆ್ಯಪ್ ಚಿತ್ರವನ್ನು ತಾನೇ ಕಳಿಸುತ್ತಿದೆ, ಥೀಮಿನಲ್ಲಿ ತಿಪ್ಪರಲಾಗ ಹಾಕಿದರೂ ಬದಲಾಗಲ್ಲ. ನಮ್ಮ ಚಾಟ್ ಆ್ಯಪ್ ಹೀಗೇ ಇತ್ತು. ಅದನ್ನು ಬದಲಿಸೋ ಗೋಜಿಗೆ ಹೋಗದೆ ಪ್ಯಾನೆಲಿನ ಸ್ಟೇಟಸ್ ಟ್ರೇ ಸೆಟ್ಟಿಂಗಿನಲ್ಲಿ ಬಚ್ಚಿಟ್ಟುಬಿಟ್ಟೆ. ಯಾರೂ ಹುಡುಕಲಿಲ್ಲ.

ಈಗ ಕನ್ನಡ ಐಕಾನ್. ಎಂ17ಎನ್‌ನ ಐಕಾನ್ಸ್ ಫೋಲ್ಡರಿನಲ್ಲಿ ಕೆಜಿಪಿ ಹೆಸರಿನ ಪಿಎನ್‌ಜಿ ಫೈಲ್ ಇದೆ. ಅದರ ಮೇಲೇ ನನ್ನದನ್ನು ಹಾಕಿದರೆ ಪ್ಯಾಕೇಜ್ ಅಪ್‌ಡೇಟ್ ಆದ ದಿನ ಹೋಗುತ್ತದೆ. ಇದಕ್ಕೆ ಡೆಬಿಯನ್‌ನಲ್ಲೇ ಮದ್ದಿದೆ, ಡಿಪಿಕೆಜಿ-ಡೈವರ್ಟ್. ಮೂಲ ಫೈಲಿಗೆ ಬೇರೆ ಹೆಸರು ಕೊಟ್ಟು ಪಕ್ಕಕ್ಕೆ ಸರಿಸುತ್ತದೆ, ಮುಂದೆ ಅಪ್‌ಡೇಟ್ ಬಂದರೂ ಹೊಸ ಫೈಲು ಆ ಪಕ್ಕದ ಹೆಸರಿಗೇ ಹೋಗುತ್ತದೆ, ನಮ್ಮದು ನಮ್ಮ ಜಾಗದಲ್ಲೇ ಇರುತ್ತದೆ. 'ರೀನೇಮ್' ಆಯ್ಕೆ ಕೊಡೋದು ಮರೀಬೇಡಿ. ಇದನ್ನು ಹಾಕಿದ ಮೇಲೆ ಎಷ್ಟೋ ಅಪ್‌ಡೇಟ್ ಬಂದು ಹೋಗಿವೆ, ಐಕಾನ್ ಅಲುಗಿಲ್ಲ. ರೂಟ್ (ಅಡ್ಮಿನ್) ಪಾಸ್‌ವರ್ಡ್ ಇಲ್ಲದೆಯೂ ಮಾಡೋಕೆ ಇನ್ನೊಂದು ಸಣ್ಣ ದಾರಿ ಇದೆ. ಅದನ್ನು ಇಲ್ಲಿ ಬರೆಯೋಲ್ಲ, ಅಷ್ಟಾದರೂ ನನ್ನ ಕೈಯಲ್ಲಿರಲಿ.

ಚಿತ್ರ ನಾನೇ ಬರೆದೆ, ಇಂಕ್‌ಸ್ಕೇಪಿನಲ್ಲಿ. ಮೊದಲು 'ಕ' ಅಂತ ಟೈಪ್ ಮಾಡಿ ಎಸ್‌ವಿಜಿಯಾಗಿ ಉಳಿಸಿದ್ದೆ. ಒಂದು ಮಷೀನಲ್ಲಿ ಲೋಹಿತ್, ಇನ್ನೊಂದರಲ್ಲಿ ನೋಟೋ, ಮತ್ತೊಂದರಲ್ಲಿ ಗುಬ್ಬಿ ಫಾಂಟು ಎತ್ತಿಕೊಂಡು ಐದು ಮಷೀನಲ್ಲಿ ಬೇರೆಬೇರೆ 'ಕ'. ಅಕ್ಷರವನ್ನು ಪಾತ್, ಅಂದರೆ ಬರೀ ಗೆರೆಯ ಆಕಾರ, ಮಾಡಿದರೆ ಆ ತೊಂದರೆ ತಪ್ಪುತ್ತದೆ, ಆದರೆ ಫಾಂಟಿನ ಅಕ್ಷರ 22 ಪಿಕ್ಸೆಲ್‌ಗೆ ಹುಟ್ಟಿದ್ದಲ್ಲ. ಕೊನೆಗೆ ಗ್ರಿಡ್ ಹಾಕಿಕೊಂಡು ಚೌಕ ಚೌಕವಾಗಿ ಕಟ್ಟಿದೆ. 22 ಸಾಲಿನಲ್ಲಿ ಮೇಲೆರಡು ಕೆಳಗೆರಡು ಬಿಟ್ಟರೆ ಸಿಗೋದು 18. ತಲೆಕಟ್ಟಿಗೆ 2, ಅದರಡಿಯ ಖಾಲಿ ಜಾಗಕ್ಕೆ 3, ನಡುವಿನ ಅಡ್ಡಗೆರೆಗೆ 2, ಉಳಿದ 11 ಹೊಟ್ಟೆಗೆ. ಹೊಟ್ಟೆಯೊಳಗಿನ ಖಾಲಿ ಮುಚ್ಚಿದರೆ ಅಕ್ಷರ ಸತ್ತಂತೆ, ಅದಕ್ಕೆ ಅದನ್ನು ಬೇಕೆಂದೇ ಅಗಲ ಮಾಡಿದೆ. ತಲೆಕಟ್ಟಿನ ಬಲತುದಿಯ ಬಾಲ ಕತ್ತರಿಸಿ ಬಿಸಾಕಿದೆ. ದೊಡ್ಡದು ಮಾಡಿ ನೋಡಿದರೆ ಕಾಗುಣಿತ ಕಲಿಸಿದ ಮೇಷ್ಟ್ರು ಬೈಯೋ ಹಾಗಿದೆ, ಟ್ರೇಯಲ್ಲಿ ಮಾತ್ರ ಸ್ಪಷ್ಟ 'ಕ'. ಗೆರೆಗಳು ಪೂರ್ತಿ ಪಿಕ್ಸೆಲ್ ಮೇಲೇ ಬೀಳಬೇಕು. ಅರ್ಧ ಪಿಕ್ಸೆಲ್ ಸರಿದರೂ ಎರಡೂ ಕಡೆ ಬೂದು ಮಸುಕು ಬರುತ್ತದೆ. ಪ್ಯಾನೆಲಿನಲ್ಲಿ ಐಕಾನ್ ಸೈಜನ್ನೂ 22ಕ್ಕೇ ಕಟ್ಟಿಹಾಕಿ. ತಾನೇ ಹೊಂದಿಸಿಕೊಳ್ಳಲಿ ಅಂತ ಬಿಟ್ಟರೆ 24 ಮಾಡಿ ಎಳೆದು ಎಲ್ಲ ಹಾಳು ಮಾಡುತ್ತದೆ.

ಇಷ್ಟಾದರೂ ಅಕ್ಕನಿಗೆ ಸಾಲಲಿಲ್ಲ. "ಅಕ್ಷರ ಚಲೋ ಕಾಣ್ತೈತಿ ಖರೆ, ಆದ್ರ ಪ್ರತಿಸಲ ಅಲ್ಲಿ ಹೋಗಿ ಓದಬೇಕಲ್ರೀ" ಅಂದರು. ಅವರ ಮಾತಿನಲ್ಲೇ ಉಪಾಯ ಇತ್ತು. ಕನ್ನಡಕ್ಕೆ ಚೌಕದ ತುಂಬ ದಟ್ಟ ಹಳದಿ, ಮೇಲೆ ಕಪ್ಪು 'ಕ'. ಇಂಗ್ಲಿಷ್‌ಗೆ ಹಿನ್ನೆಲೆಯೇ ಇಲ್ಲ, ಬರೀ ಅಕ್ಷರ. ಇಂಗ್ಲಿಷ್‌ನ ಆ ಅಕ್ಷರಗಳನ್ನು ಐಬಸ್ ತಾನೇ ಬರೆಯುತ್ತದೆ, ಚಿತ್ರ ಬೇಕಾಗಿಲ್ಲ. ಬಣ್ಣ ಮಾತ್ರ ಜಿ-ಸೆಟ್ಟಿಂಗ್ಸ್‌ನಲ್ಲಿ ಐಬಸ್ ಪ್ಯಾನೆಲಿನ ಎಕ್ಸ್‌ಕೆಬಿ (ಮಾಮೂಲಿ ಕೀಲಿಮಣೆ) ಐಕಾನ್ ಬಣ್ಣದ ಜಾಗದಲ್ಲಿ ತಿಳಿಬೂದು ಮಾಡಿದೆ. ಈಗ ಓದಬೇಕಾಗಿಲ್ಲ. ಕಣ್ಣಂಚಿನಲ್ಲಿ ಹಳದಿ ಇದೆಯೋ ಇಲ್ಲವೋ, ಅಷ್ಟೇ. ಹಳದಿ ಮೇಲೆ ಕೆಂಪಕ್ಷರ ಹಾಕಿ ಅಂತ ಅಭಿಮಾನದಿಂದ ಹೇಳಿದವರಿದ್ದರು, ಹಾಕಿಯೂ ನೋಡಿದೆ. 22 ಪಿಕ್ಸೆಲ್‌ನಲ್ಲಿ ಕೆಂಪು ಹಳದಿ ಕಲಸಿ ಮತ್ತೆ ಅದೇ ಕುಂಬಳಕಾಯಿ.

ಜೊತೆಗೆ ಪ್ಯಾನೆಲನ್ನು ಕೆಳಗಿನಿಂದ ಮೇಲಕ್ಕೆ ತಂದು, ಟ್ರೇಯನ್ನು ಬಲತುದಿಯಿಂದ ಎಬ್ಬಿಸಿ ನಡುಮಧ್ಯಕ್ಕೆ ಕೂರಿಸಿದೆ. ನೋಡಿದವರಿಗೆ ವಿಚಿತ್ರ ಅನಿಸುತ್ತದೆ. ಲಿಬ್ರೆ ಆಫೀಸಿನಲ್ಲಿ ಹಾಳೆ ಇರೋದು ಸ್ಕ್ರೀನಿನ ನಡುವೆ, ಐಕಾನ್ ಮೂಲೆಯಲ್ಲಿ ಯಾಕಿರಬೇಕು?

ಈ ಗುಂಗಿನಲ್ಲೇ ಟ್ರೇ ಪಕ್ಕ ಇನ್ನೆರಡು ಪ್ರಯೋಗ ಮಾಡಿದೆ. ಎಕ್ಸ್‌ಎಫ್‌ಸಿಇಯ ಜೆನ್‌ಮಾನ್ ಪ್ಲಗಿನ್‌ಗೆ ಸಣ್ಣ ಸ್ಕ್ರಿಪ್ಟ್ ಕೊಟ್ಟು, ಪ್ರಿಂಟರಿನ ಸರತಿಯಲ್ಲಿ ಎಷ್ಟು ಕೆಲಸ ಕೂತಿದೆ ಅಂತ ಅಂಕಿ ತೋರಿಸಿದೆ. ಶೂನ್ಯ ಆದರೆ ಏನೂ ತೋರಿಸಬಾರದು, ಅದೇ ಅದರ ಚೆಂದ. ಪ್ರಿಂಟ್ ಬರಲಿಲ್ಲ ಅಂತ ಮತ್ತೆ ಮತ್ತೆ ಒತ್ತಿ ನಾಲ್ಕು ಪ್ರತಿ ತೆಗೆಯೋದು ಇದರಿಂದ ಎಷ್ಟೋ ಕಡಿಮೆಯಾಯಿತು. ಇನ್ನೊಂದು ಯುಪಿಎಸ್ ಚಾರ್ಜ್. ಯುಪಿಎಸ್ ಗಮನಿಸೋ ಎನ್‌ಯುಟಿ ತಂತ್ರಾಂಶ ಹಾಕಿ ಶೇಕಡಾ ತೋರಿಸೋಣ ಅಂತ ಯುಎಸ್‌ಬಿ ಇರೋ ಯುಪಿಎಸ್ಸನ್ನೇ ಹುಡುಕಿ ತಂದೆ, ಮಾಮೂಲಿಯದಕ್ಕಿಂತ ಸುಮಾರು ಎರಡು ಸಾವಿರ ಜಾಸ್ತಿ ಕೊಟ್ಟು. ಅದು ಕೊಡೋದು ವೋಲ್ಟೇಜ್ ಮಾತ್ರ, ಶೇಕಡಾ ಅನ್ನೋದು ಎನ್‌ಯುಟಿ ಅದರಿಂದ ಊಹಿಸಿ ಹೇಳೋದು. ಕರೆಂಟ್ ಹೋದ ಕೂಡಲೇ 100ರಿಂದ ಧಡಕ್ಕನೆ 60ಕ್ಕೆ ಬೀಳುತ್ತದೆ, ನೋಡಿದವರು ಹೌಹಾರುತ್ತಾರೆ. ಅಂಕಿ ತೆಗೆದು 'ಲೈನ್', 'ಬ್ಯಾಟರಿ' ಅಂತ ಎರಡೇ ಸ್ಥಿತಿ ಉಳಿಸಿದೆ. ಎರಡು ಸಾವಿರ ಬೇಕಾಗಿರಲಿಲ್ಲ.

ಮುಂದೆ ಸ್ಕ್ರೀನ್ ತೋರಿಸೋ ಹೊಸ ವ್ಯವಸ್ಥೆ ವೇಲ್ಯಾಂಡ್ ಬಂದರೆ ಈ ಹಳೇ ಎಕ್ಸ್‌ಎಂಬೆಡ್ ನಮೂನೆಯ ಟ್ರೇ ನಡೆಯಲ್ಲ ಅಂತ ತಿಳಿದವರು ಎಚ್ಚರಿಸುತ್ತಾರೆ. ಗೊತ್ತಿದೆ. ಗ್ನೋಮ್ ಅನ್ನೋ ಇನ್ನೊಂದು ಡೆಸ್ಕ್‌ಟಾಪಿನವರು 2017ರಲ್ಲೇ 3.26ರಲ್ಲಿ ಹಳೇ ಟ್ರೇಯನ್ನು ಕಿತ್ತುಹಾಕಿದರು, ನಾನು ಎಕ್ಸ್‌ಎಫ್‌ಸಿಇ ಹಿಡಿದದ್ದೂ ಅದಕ್ಕೇ. ಡೆಬಿಯನ್ 12ಕ್ಕೆ 2028ರ ಜೂನ್‌ವರೆಗೆ ಎಲ್‌ಟಿಎಸ್ (ದೀರ್ಘಾವಧಿಯ ಸುರಕ್ಷತಾ ಅಪ್‌ಡೇಟ್) ಇದೆ, ಅಲ್ಲಿಯವರೆಗೆ ನನ್ನ ಮಷೀನ್‌ಗಳೂ ಬಾಳಿದರೆ ನೋಡೋಣ. ಪಕ್ಕದಲ್ಲಿ ಒಂದು ಮಷೀನಿಗೆ ಐಬಸ್ ಬದಲು ಎಫ್‌ಸಿಐಟಿಎಕ್ಸ್5 ಹಾಕಿ ನೋಡುತ್ತಿದ್ದೇನೆ. ಅದರಲ್ಲಿ ಚಿತ್ರದ ಬದಲು ಅಕ್ಷರವನ್ನೇ ಐಕಾನಾಗಿ ತೋರಿಸೋ ಆಯ್ಕೆ ಇದೆ, ಟ್ರೇಯ ಫಾಂಟು, ಬಣ್ಣ ಎರಡನ್ನೂ ಅಲ್ಲೇ ಬದಲಿಸಬಹುದು. ಆದರೆ ಚೌಕದ ತುಂಬ ಹಳದಿ ತುಂಬಿಸೋಕೆ ಇನ್ನೂ ಒಗ್ಗಿಲ್ಲ.

ಒಟ್ಟು ಖರ್ಚು, ಡಿಸೈನಿನವನದ್ದೂ ಯುಪಿಎಸ್‌ನದ್ದೂ ಸೇರಿ, ಆರು ಸಾವಿರದೊಳಗೆ. ಹಾಳಾಗೋ ಸ್ಟ್ಯಾಂಪ್ ಪೇಪರು ಈಗ ತಿಂಗಳಿಗೆ ಒಂದು, ಕೆಲವು ತಿಂಗಳು ಅದೂ ಇಲ್ಲ. ಬೇರೆ ಅಂಗಡಿಯವರು ಕೇಳಿದರೆ ಮಷೀನಿಗೆ 300 ತಗೋತೀನಿ, ಆ ರಿಪೇರಿಯವನ ಹತ್ತಿರ ಮಾತ್ರ 500 ತಗೊಂಡೆ.