ವುಡನ್ ಫ್ಲೋರಿಂಗ್ ಇರುವ ಫ್ಲ್ಯಾಟ್ ಬಾಡಿಗೆಗೆ ಹಿಡಿಯುವ ಮುನ್ನ

ದಾವಣಗೆರೆಯ ಹಳೇ ಮನೆಗಳಲ್ಲಿ ರೆಡ್ ಆಕ್ಸೈಡ್ ಅಥವಾ ಮೊಸಾಯಿಕ್ ನೆಲ, ಹೊಸವುಗಳಲ್ಲಿ ಟೈಲ್ಸ್ ಇಲ್ಲವೇ ಗ್ರಾನೈಟ್. ವಿದ್ಯಾನಗರದಲ್ಲೋ ಶಾಮನೂರು ರಸ್ತೆಯಲ್ಲೋ ಬ್ರೋಕರ್ 'ವುಡನ್ ಫ್ಲೋರಿಂಗ್ ಇದೆ ಸಾರ್' ಎಂದರೆ ಸಾಮಾನ್ಯವಾಗಿ ಅದು ಒಂದು ಬೆಡ್‌ರೂಮಿನ ಮಾತು. ಅದೂ ಮರವೇ ಎಂದು ನಂಬಿ ಬಾಡಿಗೆ ಒಪ್ಪಬೇಡಿ.

ಟೈಲ್ಸ್ ಮುಗಿದು ಹಲಗೆ ಶುರುವಾಗುವ ಬಾಗಿಲ ಬಳಿ ಕೂತು ನೋಡಿ. ಎರಡರ ನಡುವಿನ ಪಟ್ಟಿ ಸಡಿಲವಿದ್ದರೆ ಹಲಗೆಯ ಅಂಚು ಕಾಣುತ್ತದೆ. ಕಂದು ಬಣ್ಣದ ಒತ್ತಿದ ಪುಡಿಯಂಥ ತಿರುಳು, ದಪ್ಪ 8 ಅಥವಾ 12 ಮಿ.ಮೀ. ಇದ್ದರೆ ಲ್ಯಾಮಿನೇಟ್: ಮೇಲಿರುವುದು ಮರದ ಚಿತ್ರ ಮಾತ್ರ. ಅಂಚು ಕಾಣದಿದ್ದರೆ ಗಂಟುಗಳನ್ನು ಹುಡುಕಿ. ಅದೇ ಗಂಟು ನಾಲ್ಕಾರು ಹಲಗೆ ದಾಟಿ ಮತ್ತೆ ಬಂದರೆ ಅಚ್ಚು ಹಾಕಿದ್ದೇ. ಪ್ಲೈವುಡ್ ಪದರಗಳ ಮೇಲೆ ತೆಳು ಮರ ಕೂತಿದ್ದರೆ ಎಂಜಿನಿಯರ್ಡ್ ವುಡ್. ಪೂರ್ತಿ ಮರದ್ದು 18 ಮಿ.ಮೀ. ಆಸುಪಾಸು ಇರುತ್ತದೆ, ಗೀರು ಬಿದ್ದರೆ ಉಜ್ಜಿ ಪಾಲಿಶ್ ಮಾಡಬಹುದು. ಲ್ಯಾಮಿನೇಟನ್ನು ಉಜ್ಜಿದರೆ ಚಿತ್ರವೇ ಹೋಗುತ್ತದೆ, ಹಲಗೆ ಬದಲಿಸುವುದೊಂದೇ ದಾರಿ.

ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಕೋಣೆ ತುಂಬ ನಡೆಯಿರಿ. ಜೋಡಣೆಯ ಗೆರೆಗಳು ಕಾಲಿಗೆ ಏಣಾಗಿ ತಗುಲಿದರೆ ಅಲ್ಲಿ ನೀರು ಇಳಿದು ಅಂಚು ಉಬ್ಬಿದೆ. ಬಾತ್‌ರೂಮ್ ಬಾಗಿಲು, ಬಾಲ್ಕನಿ, ಕಿಟಕಿಯ ಕೆಳಗೆ, ಏಸಿ ಪೈಪು ಬರುವ ಗೋಡೆ, ಈ ನಾಲ್ಕು ಕಡೆ ಬಿಡದೆ ನೋಡಿ. ಕಾಲಿಟ್ಟಾಗ ಹಲಗೆ ಕುಸಿದು ಎದ್ದರೆ ಕೆಳಗಿನ ಕಾಂಕ್ರೀಟ್ ಸಮತಟ್ಟಾಗಿಲ್ಲ ಎಂದರ್ಥ. ಹೀಗೇ ಬಿಟ್ಟರೆ ಹಲಗೆಗಳು ಒಂದಕ್ಕೊಂದು ಕಚ್ಚಿಕೊಳ್ಳುವ ಅಂಚಿನ ನಾಲಗೆ ಮುರಿಯುತ್ತದೆ. ಸ್ಕರ್ಟಿಂಗ್ (ಗೋಡೆಯ ಬುಡದ ಪಟ್ಟಿ) ಮೇಲೆ ಮಣ್ಣಿನ ಗೆರೆ ಹರಿದಿದ್ದರೆ ಗೆದ್ದಲು, ಗ್ರೌಂಡ್ ಫ್ಲೋರಾದರೆ ಇದನ್ನೇ ಮೊದಲು ನೋಡಿ. ಬೇಸಿಗೆಯಲ್ಲಿ ಹಲಗೆಗಳ ನಡುವೆ ಕೂದಲೆಳೆಯಷ್ಟು ಸಂದು ಕಂಡರೆ ಗಾಬರಿ ಬೇಡ. ಒಣ ಹವೆಗೆ ಮರ ಕುಗ್ಗುತ್ತದೆ, ಮಳೆಗಾಲಕ್ಕೆ ಕೂಡಿಕೊಳ್ಳುತ್ತದೆ. ಹಿಗ್ಗಲೆಂದೇ ಗೋಡೆಯ ಬದಿಗೆ 8–10 ಮಿ.ಮೀ. ಜಾಗ ಬಿಟ್ಟು ಸ್ಕರ್ಟಿಂಗಿನಿಂದ ಮುಚ್ಚಿರುತ್ತಾರೆ. ಜಾಗ ಬಿಡದೆ ಬಿಗಿಯಾಗಿ ಕೂರಿಸಿದ್ದರೆ ಕೋಣೆಯ ನಡುವೆ ನೆಲ ಡೇರೆಯಂತೆ ಏಳುತ್ತದೆ. ಅದು ಕೆಲಸದವರ ತಪ್ಪು, ಬಾಡಿಗೆದಾರರದ್ದಲ್ಲ.

ಅಡ್ವಾನ್ಸ್ ಕೊಡುವ ಮುನ್ನವೇ ಓನರ್ ಎದುರಿಗೆ ವಿಡಿಯೊ ಮಾಡಿ, ಉಬ್ಬು, ಗೀರುಗಳ ಹತ್ತಿರದ ಫೋಟೊ ತೆಗೆದು ಅವರಿಗೇ ವಾಟ್ಸಾಪ್ ಮಾಡಿ. ತಾರೀಖು ತಾನಾಗಿ ದಾಖಲಾಗುತ್ತದೆ. 11 ತಿಂಗಳ ಅಗ್ರಿಮೆಂಟಿನಲ್ಲಿ ಬಣ್ಣಕ್ಕೆ ಎಷ್ಟು ಹಿಡಿಯುತ್ತಾರೆಂದು ಬರೆದಿರುತ್ತಾರೆ, ನೆಲದ ಮಾತೇ ಇರುವುದಿಲ್ಲ. ಮೂರು ಸಾಲು ಸೇರಿಸಿ: ನೆಲ ಯಾವ ಬಗೆಯದು, ಈಗಿರುವ ಹಾನಿ ಏನು, ಮುಂದೆ ಹಾನಿಯಾದರೆ ಕೆಟ್ಟ ಹಲಗೆಗಳ ಖರ್ಚು ಮಾತ್ರ, ಇಡೀ ಕೋಣೆಯದ್ದಲ್ಲ. ಬಳಕೆಯಿಂದ ಸಹಜವಾಗಿ ಸವೆದದ್ದಕ್ಕೆ ಬಾಡಿಗೆದಾರ ಹೊಣೆಯಲ್ಲ ಎಂಬುದು 1882ರ ಆಸ್ತಿ ವರ್ಗಾವಣೆ ಕಾಯ್ದೆಯಲ್ಲೇ ಇದೆ. ಆದರೂ ಬರೆಸಿಕೊಂಡರೆ ಜಗಳ ತಪ್ಪುತ್ತದೆ. ನೆಲ ಹಾಕಿದಾಗ ಉಳಿದ ಹಲಗೆಗಳಿವೆಯೇ ಎಂದೂ ಕೇಳಿ. ಕಂಪನಿಗಳು ಡಿಸೈನ್ ನಿಲ್ಲಿಸಿಬಿಟ್ಟರೆ ಹೊಂದುವ ಹಲಗೆ ಸಿಗುವುದಿಲ್ಲ, 'ಪೂರ್ತಿ ಬದಲಿಸಬೇಕು' ಎಂಬ ಮಾತು ಹುಟ್ಟುವುದು ಅಲ್ಲಿಂದಲೇ.

ಒಳಗೆ ಬಂದ ಮೇಲೆ ನೆಲದ ದೊಡ್ಡ ಶತ್ರು ಏರ್ ಕೂಲರ್. ಏಪ್ರಿಲ್ ಬಿಸಿಲಿಗೆ ಅದಿಲ್ಲದೆ ನಡೆಯದು, ಹಲಗೆಯ ಮೇಲಿಟ್ಟರೆ ತುಂಬಿಸುವಾಗ ಚೆಲ್ಲಿದ್ದು, ತೊಟ್ಟಿಕ್ಕಿದ್ದು ಎಲ್ಲ ಸಂದಿಗೆ ಇಳಿಯುತ್ತದೆ. ಕಿಟಕಿಯ ಹೊರಗೆ ಸ್ಟ್ಯಾಂಡ್ ಮೇಲೆ ಇಡಿ. ಒಳಗೇ ಇಡಬೇಕಾದರೆ ಕೆಳಗೆ ಅಂಚಿರುವ ಟ್ರೇ ಇರಲಿ.

ಮನೆಕೆಲಸದವರಿಗೆ ಮೊದಲ ದಿನವೇ ಹೇಳಿ: ಈ ಕೋಣೆಗೆ ಬಕೆಟ್ ನೀರು ಸುರಿಯುವಂತಿಲ್ಲ. ಕಸ ಗುಡಿಸಿ, ಬಟ್ಟೆಯನ್ನು ತೊಟ್ಟಿಕ್ಕದಷ್ಟು ಹಿಂಡಿ ಒರೆಸಿದರೆ ಸಾಕು. ಬೋರ್‌ವೆಲ್ಲಿನ ಗಡಸು ನೀರಾದರೆ ಬಿಳಿ ಕಲೆ ಉಳಿಯುತ್ತದೆ, ತಕ್ಷಣ ಒಣ ಬಟ್ಟೆ ಆಡಿಸಿ. ಹಬ್ಬದ ಮನೆ ತೊಳೆಯುವ ಸಂಭ್ರಮವೆಲ್ಲ ಟೈಲ್ಸ್ ಕೋಣೆಗಳಿಗೆ. ಮಂಚ, ಬೀರುವಿನ ಕಾಲುಗಳ ಅಡಿಗೆ ಫೆಲ್ಟ್ (ಮೆತ್ತನೆಯ ದಪ್ಪ ಬಟ್ಟೆ) ತುಂಡು ಅಂಟಿಸಿ, ಸರಿಸುವಾಗ ಎಳೆಯದೆ ಎತ್ತಿ. ಮಂಡಕ್ಕಿ-ಮಿರ್ಚಿ ತಟ್ಟೆಯಿಂದ ಎಣ್ಣೆ ಬಿದ್ದರೆ ಹೆದರಬೇಡಿ. ಎರಡು ಹನಿ ಪಾತ್ರೆ ಸೋಪಿನ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ.