ತೂಕದ ಹೊತ್ತಿಗೂ ಇಳಿಯದ ಮಾತ್ರೆ: ನನ್ನ ಅನುಭವ

ಎಡಿಎಚ್‌ಡಿಗೆ, ಅಂದರೆ ಗಮನ ಒಂದೆಡೆ ನಿಲ್ಲದ ತೊಂದರೆಗೆ, ದಿನವಿಡೀ ಕೆಲಸ ಮಾಡುವ ಮೀಥೈಲ್‌ಫೆನಿಡೇಟ್ ಮಾತ್ರೆ ಹಿಡಿದ ಮೇಲೆ, ಕಳೆದ ಕೊಯ್ಲಿನಲ್ಲಿ ನನ್ನ ಚೆಕ್‌ರೋಲೂ (ಆಳುಗಳ ಹಾಜರಿ ಪುಸ್ತಕ) ಹಣ್ಣಿನ ತೂಕದ ಪುಸ್ತಕವೂ ವಾರವಾರ ತಾಳೆಯಾದವು. ಚಿಕ್ಕಮಗಳೂರು ಸೀಮೆಯ ಕಾಫಿ ತೋಟಗಳಲ್ಲಿ ಲೆಕ್ಕ ಬರೆಯುವ ರೈಟರ್ ಆಗಿರುವವರಿಗೆ ಇದರ ಬೆಲೆ ಗೊತ್ತು. "ಅದು ನಶೆಯ ಮಾತ್ರೆ, ನಾಲ್ಕು ದಿನದ ಆಟ" ಎಂದಿದ್ದ ನಮ್ಮ ಭಾವನವರು ಈಗ ತಮ್ಮ ತೋಟದ ಲೆಕ್ಕವನ್ನೂ ನನಗೇ ಒಪ್ಪಿಸಿದ್ದಾರೆ.

ವೈದ್ಯರು ಮೊದಲು ಬರೆದದ್ದು ಅದೇ ಮದ್ದಿನ ಸಾದಾ ಮಾತ್ರೆ. ತಿಂಗಳಿಗೆ ಸಾವಿರದೊಳಗೆ ಮುಗಿಯುತ್ತಿತ್ತು. ಆದರೆ ಒಂದರ ಪ್ರಭಾವ ಮೂರು-ನಾಲ್ಕು ಗಂಟೆ ಮಾತ್ರ. ಬೆಳಗಿನ ಹಾಜರಿ ಸಲೀಸು. ಮಧ್ಯಾಹ್ನದ ಮಾತ್ರೆ ಜೇಬಿನಲ್ಲೇ ಉಳಿಯುತ್ತಿತ್ತು. ಹಣ್ಣು ತೂಗುವುದೋ ನಾಲ್ಕರ ಮೇಲೆ. ಮೂಟೆ ತಕ್ಕಡಿಗೇರುತ್ತದೆ, ಮೇಸ್ತ್ರಿ ಹೆಸರು ಕೂಗಿ ಕಿಲೋ ಹೇಳುತ್ತಾರೆ, ಬರೆಯುವಷ್ಟರಲ್ಲಿ ಮುಂದಿನ ಮೂಟೆ ಬಂದಿರುತ್ತದೆ. ಮದ್ದು ಇಳಿದ ಆ ಹೊತ್ತಿಗೆ ಗಮನ ಚದುರುವುದಷ್ಟೇ ಅಲ್ಲ, ವಿಪರೀತ ಸಿಡುಕು ಬೇರೆ. ಸಾದಾ ಮಾತ್ರೆಯ ಆ ಕೊಯ್ಲಿನಲ್ಲಿ ಬಟವಾಡೆಯ ವ್ಯತ್ಯಾಸಕ್ಕೆಂದು ಕೈಯಿಂದ ತುಂಬಿದ್ದು ಏಳೆಂಟು ಸಾವಿರವಾದರೂ ಇರಬೇಕು.

ಆಮೇಲೆ ಎಸ್‌ಆರ್, ಅಂದರೆ ಮದ್ದನ್ನು ನಿಧಾನವಾಗಿ ಬಿಡುವ ಮಾತ್ರೆ. ನನಗದು ಎರಡೂವರೆಗೇ ಇಳಿಯುತ್ತಿತ್ತು. ವೈದ್ಯರು ಮೂರು ಗಂಟೆಗೊಂದು ಸಾದಾ ಮಾತ್ರೆ ಸೇರಿಸಿದರು. ತೂಕದ ಲೆಕ್ಕ ಸರಿಹೋಯಿತು, ರಾತ್ರಿಯ ನಿದ್ದೆ ಕೆಟ್ಟಿತು.

ಕೊನೆಗೆ ಬಂದದ್ದು ಕನ್ಸರ್ಟಾ, ಅದೇ ಮೀಥೈಲ್‌ಫೆನಿಡೇಟಿನ ದಿನವಿಡೀ ಕೆಲಸ ಮಾಡುವ ಮಾತ್ರೆ. 2000ದಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಮಾತ್ರೆ. ಅದರ ಮದ್ದಿನಲ್ಲಿ ಸುಮಾರು ಶೇ 22ರಷ್ಟು ಹೊರ ಹೊದಿಕೆಯಲ್ಲಿದೆ, ಉಳಿದದ್ದು ಒಳಗೆ. ಒಂದು ತುದಿಯಲ್ಲಿ ಲೇಸರ್‌ನಿಂದ ಕೊರೆದ ಸಣ್ಣ ರಂಧ್ರ. ನೂರಕ್ಕೂ ಹೆಚ್ಚು ಬೆಲೆಯ ಅಂಥ ಮಾತ್ರೆಯೊಂದನ್ನು ಬೆಚ್ಚನೆಯ ನೀರಿನ ಲೋಟಕ್ಕೆ ಹಾಕಿ, ಮಕ್ಕಳ ಕೈಗೆ ಸಿಗದಂತೆ ಅಟ್ಟಣಿಗೆಯ ಮೇಲಿಟ್ಟು ಆಗಾಗ ನೋಡಿದೆ. ಮನೆಯಲ್ಲಿ ಬೈಸಿಕೊಂಡರೂ ಕಲಿತದ್ದು ದೊಡ್ಡದು. ಮೊದಲು ಹೊದಿಕೆ ಕರಗಿತು. ಮುಂದಿನದು ಒಳಗಿನ ಕೆಲಸ: ನೀರು ಹೀರಿದ ಪದರವೊಂದು ಉಬ್ಬಿ ಮದ್ದನ್ನು ಆ ರಂಧ್ರದಿಂದ ನಿಧಾನವಾಗಿ ಹೊರದೂಡುತ್ತದೆ, ಮೆಣಸಿನ ಬಳ್ಳಿಗೆ ಹನಿ ನೀರು ಬಿಟ್ಟ ಹಾಗೆ. ಸಂಜೆಯಾದರೂ ಕವಚ ಇದ್ದ ಹಾಗೇ ಇತ್ತು. ಅದೇ ಕವಚ ಮಲದಲ್ಲಿ ಹೊರಬರುತ್ತದೆ. ಅದನ್ನು ಕಂಡು ಮದ್ದು ಕರಗಲಿಲ್ಲವೆಂದು ಇನ್ನೊಂದು ನುಂಗಬೇಡಿ. ದುಡ್ಡು ಉಳಿಸಲು ಅರ್ಧ ಮಾಡುವುದೂ ಬೇಡ, ಜಗಿಯುವುದೂ ಬೇಡ. ದಿನವಿಡೀ ಬರಬೇಕಾದದ್ದು ಒಮ್ಮೆಗೇ ಮೈಗೇರುತ್ತದೆ.

ಇದರ ಕೆಲಸ ಹೆಚ್ಚುಕಡಿಮೆ ಹನ್ನೆರಡು ಗಂಟೆ. ಹಾಗಾಗಿ ತೂಕದ ಹೊತ್ತಿನಿಂದ ಹಿಂದಕ್ಕೆ ಲೆಕ್ಕ ಹಾಕಿ, ವೈದ್ಯರಿಗೂ ಹೇಳಿ, ಬೆಳಿಗ್ಗೆ ಆರೂವರೆಯನ್ನು ಗೊತ್ತುಮಾಡಿಕೊಂಡೆ. ಅದಕ್ಕೆ ಮೊದಲು ಹೊಟ್ಟೆ ತುಂಬ ಅಕ್ಕಿರೊಟ್ಟಿ ತಿನ್ನಲೇಬೇಕು. ಮಧ್ಯಾಹ್ನ ಅನ್ನ ಕಂಡರೂ ಬೇಡವೆನಿಸುತ್ತದೆ. ಮೊದಲ ತಿಂಗಳುಗಳಲ್ಲಿ ಮೂರು ಕಿಲೋ ಇಳಿದಿದ್ದೆ. ಕಾಫಿಯನ್ನೂ ಪರೀಕ್ಷಿಸಿದೆ: ಮಾತ್ರೆಯ ಮೇಲೆ ಎರಡು ಲೋಟ ಕುಡಿದ ದಿನ ನಾಡಿ ನೂರು ದಾಟಿ ಎದೆ ಹೊಡೆದುಕೊಂಡಿತು. ಈಗ ಬೆಳಿಗ್ಗೆ ಅರ್ಧ ಲೋಟ, ಅಷ್ಟೆ. ರಕ್ತದೊತ್ತಡವನ್ನು ತಿಂಗಳಿಗೊಮ್ಮೆ ನೋಡಿಸುತ್ತೇನೆ.

ನನ್ನ ಪ್ರಮಾಣ ಎಷ್ಟೆಂದು ಬರೆಯುವುದಿಲ್ಲ. 18 ಮಿಲಿಗ್ರಾಂನಿಂದ ಶುರುಮಾಡಿ ವೈದ್ಯರೇ ಏರಿಸಿದ್ದು, ನನ್ನದು ನಿಮಗೆ ಹೊಂದಬೇಕೆಂದಿಲ್ಲ. ತೂಕದ ಪುಸ್ತಕದ ಪುಟವನ್ನು ಹೇಗೆ ಅಂಕಣ ಮಾಡಿಕೊಂಡಿದ್ದೇನೆಂಬುದೂ ಗುಟ್ಟು. ಅದು ನನ್ನ ಹೊಟ್ಟೆಪಾಡು.

ಖರ್ಚು ಮಾತ್ರ ಜೋರು. ವೈದ್ಯರ ಶುಲ್ಕ, ಬಸ್ಸು ಎಲ್ಲ ಸೇರಿ ತಿಂಗಳಿಗೆ ನಾಲ್ಕು ಸಾವಿರದ ಆಸುಪಾಸು. ಮಾದಕ ವಸ್ತುಗಳ ಮೇಲಿನ 1985ರ ಎನ್‌ಡಿಪಿಎಸ್ ಕಾಯ್ದೆಯಡಿ ಬರುವ ಮದ್ದಾದ್ದರಿಂದ ಎಲ್ಲ ಅಂಗಡಿಯವರೂ ಇಡುವುದಿಲ್ಲ, ಮೂಲ ಚೀಟಿಯಿಲ್ಲದೆ ಕೊಡುವುದೂ ಇಲ್ಲ. ಊರಲ್ಲಿ ಸಿಗದಿದ್ದರೆ ಹಾಸನ, ಅಲ್ಲೂ ಇಲ್ಲದಿದ್ದರೆ ಬೆಂಗಳೂರು. ಕೊಯ್ಲಿನ ನಡುವೆ ರಜೆ ಸಿಗುವುದಿಲ್ಲವಾದ್ದರಿಂದ, ಮಾತ್ರೆ ಇನ್ನೂ ವಾರಕ್ಕಾಗುವಷ್ಟು ಇರುವಾಗಲೇ ಅಂಗಡಿಗೆ ಫೋನ್ ಮಾಡಿ ವಿಚಾರಿಸಿಕೊಳ್ಳುತ್ತೇನೆ.